ಎರಡು ಬಸ್, ಒಂದೇ ಪಾಯಿಂಟರ್: ಬ್ಯಾಟರಿ ಮಾನಿಟರ್ ಒಂದರಲ್ಲಿ ಕಾಲ್‌ಬ್ಯಾಕ್ ದಾರಿ ತಪ್ಪಿದ ಪ್ರಕರಣ

ಕನಕಪುರ ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟ್. ಕರೆಂಟ್ ಹೋದಾಗ ಮೆಟ್ಟಿಲ ದೀಪ, ಗೇಟು, ಸಿಸಿಟಿವಿ ನಿಲ್ಲಬಾರದೆಂದು ನೆಲಮಾಳಿಗೆಯಲ್ಲಿ ಎರಡು ಲಿಥಿಯಂ ಬ್ಯಾಟರಿ ರ‍್ಯಾಕ್ ಇಟ್ಟಿದ್ದಾರೆ. ಒಂದೊಂದರಲ್ಲೂ ಸರಣಿಯಲ್ಲಿ 16 ಲಿಥಿಯಂ ಐರನ್ ಫಾಸ್ಫೇಟ್ ಸೆಲ್, ಹೆಸರಿಗೆ 51.2 ವೋಲ್ಟ್. ರ‍್ಯಾಕ್‌ನ ಬಿಎಂಎಸ್ (ಬ್ಯಾಟರಿಯನ್ನು ನೋಡಿಕೊಳ್ಳುವ ಸರ್ಕ್ಯೂಟ್) ತನ್ನ ಇನ್ವರ್ಟರ್ ಜತೆ ಕ್ಯಾನ್ ಬಸ್ ಮೇಲೆ, ಅಂದರೆ ಹಲವು ಸಾಧನಗಳು ಸಂದೇಶ ಹಂಚಿಕೊಳ್ಳುವ ಒಂದು ಜೋಡಿ ತಂತಿಯ ಮೇಲೆ, ಸೆಕೆಂಡಿಗೆ 500 ಕಿಲೋಬಿಟ್ ವೇಗದಲ್ಲಿ ಮಾತಾಡುತ್ತದೆ. ಎರಡು ರ‍್ಯಾಕ್, ಎರಡು ಇನ್ವರ್ಟರ್, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬಸ್. ಈ ಎರಡನ್ನೂ ಪಕ್ಕದಲ್ಲಿ ನಿಂತು ಕೇಳಿಸಿಕೊಂಡು, ಚಾರ್ಜ್ ಎಷ್ಟಿದೆ, ವೋಲ್ಟೇಜ್ ಎಷ್ಟು ಎಂದು ವೈಫೈ ಮೂಲಕ ಮೇಂಟೆನೆನ್ಸ್ ಆಫೀಸಿನ ಪರದೆಗೆ ಕಳಿಸುವ ಪೆಟ್ಟಿಗೆಯನ್ನು ಪೀಣ್ಯದ ಒಂದು ಸಣ್ಣ ಘಟಕ ಮಾಡಿಕೊಟ್ಟಿತ್ತು. ಒಂದೇ ರ‍್ಯಾಕ್ ಇರುವ ಕಡೆ ಅದೇ ಪೆಟ್ಟಿಗೆ ತಕರಾರಿಲ್ಲದೆ ಓಡುತ್ತಿತ್ತು. ಎರಡು ರ‍್ಯಾಕ್‌ಗೆ ಹಾಕಿದ್ದು ಇದೇ ಮೊದಲು. ಮುಂದೆ ಪದೇ ಪದೇ ಬರುವ ಎರಡು ಪದ: ಕಾಲ್‌ಬ್ಯಾಕ್ ಎಂದರೆ ಏನಾದರೂ ನಡೆದಾಗ ಕರೆಯಲೆಂದು ಮೊದಲೇ ನೋಂದಾಯಿಸಿಟ್ಟ ಫಂಕ್ಷನ್, ಪಾಯಿಂಟರ್ ಎಂದರೆ ಮೆಮೊರಿಯ ವಿಳಾಸ.

ದೂರು ಬಂದದ್ದು ಅಲ್ಲಿನ ಎಲೆಕ್ಟ್ರಿಷಿಯನ್‌ನಿಂದ: "ಸಾರ್, ಎರಡನೇದು ಚೆನ್ನಾಗಿ ಬರ್ತಾ ಇದೆ. ಒಂದನೇದು ಮಾತ್ರ ಬರೀ ಗೆರೆ ತೋರಿಸ್ತಾ ಇದೆ. ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿದ್ರೂ ಅಷ್ಟೇ."

ಪೆಟ್ಟಿಗೆಯೊಳಗೆ ಏನಿದೆ

ಒಂದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಮೈಕ್ರೋಕಂಟ್ರೋಲರ್), ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಎರಡು ಎಂಸಿಪಿ2515 ಮಾಡ್ಯೂಲ್, ನಡುವೆ ಲೆವೆಲ್ ಶಿಫ್ಟರ್. ಎಂಸಿಪಿ2515 ಕ್ಯಾನ್ ಸಂದೇಶಗಳನ್ನು ಹಿಡಿದು ಎಸ್‌ಪಿಐ (ಚಿಪ್‌ಗಳ ನಡುವಿನ ಸಂಪರ್ಕ) ಮೂಲಕ ಒಪ್ಪಿಸುವ ಚಿಪ್. ಮಾಡ್ಯೂಲ್ ಮೇಲಿನ ಟಿಜೆಎ1050 ಟ್ರಾನ್ಸೀವರ್‌ಗೆ 5 ವೋಲ್ಟ್ ಬೇಕೇ ಬೇಕು, ಇಎಸ್‌ಪಿ32ರ ಪಿನ್ನುಗಳು 3.3 ವೋಲ್ಟಿನವು. ಹಾಗಾಗಿ ಲೆವೆಲ್ ಶಿಫ್ಟರ್ ಬಿಡುವ ಹಾಗಿಲ್ಲ. ಎರಡು ಮಾಡ್ಯೂಲ್‌ಗೂ ಎಸ್‌ಪಿಐ ತಂತಿಗಳು ಒಂದೇ; ಯಾವ ಚಿಪ್ ಜತೆ ಮಾತು ಎಂದು ಆರಿಸುವ ಸಿಎಸ್ ಪಿನ್ ಬೇರೆ ಬೇರೆ, ಕೆಲಸ ಬಂದಿದೆ ಎಂದು ಇಎಸ್‌ಪಿ32ನ್ನು ಕರೆಯುವ ಇಂಟರಪ್ಟ್ ಪಿನ್ ಬೇರೆ ಬೇರೆ.

ಈ ಇಂಟರಪ್ಟ್ ಪಿನ್ನಿನ ಸ್ವಭಾವ ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಸಂದೇಶ ಬಂದಾಗ ಚಿಪ್ ಈ ಪಿನ್ನನ್ನು 0 ವೋಲ್ಟಿಗೆ ಎಳೆಯುತ್ತದೆ. ಯಾರಾದರೂ ಬಂದು ಸಂದೇಶವನ್ನು ಓದಿ ಫ್ಲ್ಯಾಗ್ (ಸಂದೇಶ ಬಂದಿದೆ ಎಂಬ ಗುರುತು) ಅಳಿಸುವವರೆಗೂ ಪಿನ್ ಕೆಳಗೇ ಇರುತ್ತದೆ. ಚಿಪ್‌ನಲ್ಲಿ ಸಂದೇಶ ಇಟ್ಟುಕೊಳ್ಳಲು ಇರುವುದು ಎರಡೇ ಬಫರ್. ಎರಡೂ ತುಂಬಿದ ಮೇಲೆ ಬಂದದ್ದು ಕಳೆದುಹೋಗುತ್ತದೆ.

ಬಸ್ ಮೇಲೆ ಓಡಾಡುವುದು ಸೌರ ಇನ್ವರ್ಟರ್‌ಗಳ ಲೋಕದಲ್ಲಿ ತೀರಾ ಸಾಮಾನ್ಯವಾದ ಸಂದೇಶಗಳೇ. ಅವುಗಳ ಐಡಿ ಹೆಕ್ಸ್‌ನಲ್ಲಿ (16ರ ಮೂಲದ ಸಂಖ್ಯೆ): 351 ಚಾರ್ಜಿಂಗ್ ಮಿತಿಗಳು, 355 ಚಾರ್ಜ್ ಶೇಕಡಾವಾರು ಮತ್ತು ಬ್ಯಾಟರಿ ಆರೋಗ್ಯ, 356 ವೋಲ್ಟೇಜ್, ಕರೆಂಟ್, ಉಷ್ಣಾಂಶ, 359 ಎಚ್ಚರಿಕೆಗಳು. ಜತೆಗೆ 35ಸಿ, 35ಇ. ಸೆಕೆಂಡಿಗೊಮ್ಮೆ ಈ ಆರೂ ಸಾಲಾಗಿ ಬರುತ್ತವೆ. 355ರ ಮೊದಲ ಎರಡು ಬೈಟ್ ಚಾರ್ಜ್, ಒಂದು ಅಂಕಿಗೆ ಶೇಕಡಾ 1. 356ರ ಮೊದಲ ಎರಡು ಬೈಟ್ ವೋಲ್ಟೇಜ್, ಒಂದು ಅಂಕಿಗೆ 0.01 ವೋಲ್ಟ್. ಎರಡರಲ್ಲೂ ಕಿರಿಯ ಬೈಟ್ ಮೊದಲು. ಈ ಕೊನೆಯ ವಿವರ ಆಮೇಲೆ ಕೆಲಸಕ್ಕೆ ಬರುತ್ತದೆ.

ತಂತಿಯಿಂದಲೇ ಶುರು

ಕ್ಯಾನ್ ಬಸ್ ವಿಷಯದಲ್ಲಿ ಕೋಡ್ ತೆರೆಯುವ ಮೊದಲು ಮಲ್ಟಿಮೀಟರ್ ತೆಗೆಯಬೇಕು. ಬಸ್ ಮೇಲಿನ ಎಲ್ಲ ಸಾಧನಗಳ ಪವರ್ ತೆಗೆದು ಹೈ ಮತ್ತು ಲೋ ತಂತಿಗಳ ನಡುವೆ ಓಮ್ ಅಳೆದರೆ 60ರ ಆಸುಪಾಸು ಬರಬೇಕು, ಯಾಕೆಂದರೆ ಎರಡೂ ತುದಿಯಲ್ಲಿ 120 ಓಮ್‌ನ ಟರ್ಮಿನೇಷನ್ ರೆಸಿಸ್ಟರ್ ಇದೆ. ಮಾಡ್ಯೂಲ್ ಮೇಲಿನ ಟರ್ಮಿನೇಷನ್ ಜಂಪರ್ ಹಾಗೇ ಬಿಟ್ಟಿದ್ದರೆ ಮೂರನೇ 120 ಸೇರಿ 40ಕ್ಕೆ ಇಳಿಯುತ್ತದೆ. ಇಲ್ಲಿ ಜಂಪರ್ ತೆಗೆದಿತ್ತು, ಎರಡೂ ಬಸ್ ಮೇಲೆ 60 ಬಂತು. ಮಾಡ್ಯೂಲ್‌ನ ಕ್ರಿಸ್ಟಲ್ 8 ಮೆಗಾಹರ್ಟ್ಸ್, ಕೋಡಿನಲ್ಲೂ 8 ಎಂದೇ ಇತ್ತು. ಇದನ್ನು 16 ಎಂದು ಬರೆದುಬಿಟ್ಟರೆ ನಿಜವಾದ ವೇಗ ಅರ್ಧಕ್ಕೆ ಇಳಿದು 250 ಕಿಲೋಬಿಟ್ ಆಗುತ್ತದೆ, ಒಂದು ಸಂದೇಶವೂ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ, ಸಾಮಾನ್ಯ ಮೋಡ್‌ನಲ್ಲಿದ್ದರೆ ಬೇರೆಯವರ ಬಸ್ ಮೇಲೆ ಎರರ್ ಫ್ರೇಮ್ ಎರಚುತ್ತದೆ. ಬರೀ ನೋಡುವ ಪೆಟ್ಟಿಗೆಯನ್ನು ಲಿಸನ್-ಓನ್ಲಿ (ಬರೀ ಕೇಳುವ, ಏನೂ ಕಳಿಸದ) ಮೋಡ್‌ನಲ್ಲಿ ಇಡುವುದು ಅದಕ್ಕೇ.

ರ‍್ಯಾಕ್ ಕೇಬಲ್‌ಗಳನ್ನು ಅದಲು ಬದಲು ಮಾಡಿದರೂ ಗೆರೆ ಪೋರ್ಟ್ ಒಂದರಲ್ಲೇ ಉಳಿಯಿತು. ಸಹಜವಾಗಿ ಎಲ್ಲರ ಕಣ್ಣು ಮಾಡ್ಯೂಲ್ ಮೇಲೆ ಬಿತ್ತು. ಹೊಸದು ತಂದು ಹಾಕಿದರೂ ಅಷ್ಟೇ.

ಸುಳ್ಳು ಸಾಕ್ಷಿ

ಈ ಹಂತದಲ್ಲಿ ಒಂದು ಲ್ಯಾಪ್‌ಟಾಪ್‌ಗೆ ಎರಡು ಯುಎಸ್‌ಬಿ ಕ್ಯಾನ್ ಅಡಾಪ್ಟರ್ ಹಾಕಿ, ಚಿಕ್ಕ ಪೈಥಾನ್ ಸ್ಕ್ರಿಪ್ಟ್‌ನಿಂದ ಎರಡೂ ಬಸ್ಸಿನ ಸಂದೇಶಗಳನ್ನು ಫೈಲಿಗೆ ಬರೆಸಿದರು. ಫೈಲ್‌ನಲ್ಲಿ ಎಲ್ಲ ಸಾಲಿನ ಮುಂದೆಯೂ "ರ‍್ಯಾಕ್ 2". ರ‍್ಯಾಕ್ 1ರ ಹೆಸರೇ ಇಲ್ಲ. ಹಾಗಾದರೆ ಮೊದಲನೇ ರ‍್ಯಾಕ್‌ನ ಬಿಎಂಎಸ್ ಏನೂ ಕಳಿಸುತ್ತಿಲ್ಲ ಎಂಬ ತೀರ್ಮಾನ ಬಾಯಿಗೆ ಬಂದೇ ಬಿಟ್ಟಿತ್ತು. ಆದರೆ ಆ ರ‍್ಯಾಕ್‌ನ ಇನ್ವರ್ಟರ್ ಸಂಪರ್ಕ ಕಡಿದಿದೆ ಎಂದು ಎಚ್ಚರಿಸುತ್ತಿರಲಿಲ್ಲ. ಫೈಲಿನ ಸಾಲುಗಳನ್ನು ಎಣಿಸಿದಾಗ ಗುಟ್ಟು ರಟ್ಟಾಯಿತು: ಒಂದು ರ‍್ಯಾಕ್‌ಗೆ ಸೆಕೆಂಡಿಗೆ 6 ಸಂದೇಶ ಬರಬೇಕಾದ ಕಡೆ "ರ‍್ಯಾಕ್ 2" ಹೆಸರಲ್ಲಿ 12 ಇದ್ದವು.

ಸ್ಕ್ರಿಪ್ಟ್‌ನಲ್ಲಿ ಒಂದು ಲೂಪ್ ಇತ್ತು. ಪ್ರತಿ ಅಡಾಪ್ಟರ್‌ಗೂ ಸಂದೇಶ ಬಂದಾಗ ತಿಳಿಸುವ ಒಂದು ನೋಟಿಫೈಯರ್, ಅದಕ್ಕೆ ಕಾಲ್‌ಬ್ಯಾಕ್ ಆಗಿ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್). ಅದರೊಳಗೆ "ಈ ಹೆಸರಿನ ಮುಂದೆ ಈ ಸಂದೇಶ ಬರಿ" ಎಂಬ ಒಂದು ಸಾಲು. ಪೈಥಾನ್‌ನ ಲ್ಯಾಂಬ್ಡಾ ಹೊರಗಿನ ವೇರಿಯಬಲ್‌ನ ಬೆಲೆಯನ್ನು ಹುಟ್ಟುವಾಗ ಹಿಡಿದಿಟ್ಟುಕೊಳ್ಳುವುದಿಲ್ಲ, ಕರೆದಾಗ ಹೋಗಿ ನೋಡುತ್ತದೆ. ಮೊದಲ ಸಂದೇಶ ಬರುವ ಹೊತ್ತಿಗೆ ಲೂಪ್ ಮುಗಿದಿರುತ್ತದೆ, ಹೆಸರಿನಲ್ಲಿ ಕೊನೆಯದಷ್ಟೇ ಉಳಿದಿರುತ್ತದೆ. ಎರಡು ಕಾಲ್‌ಬ್ಯಾಕ್‌ಗಳೂ ಅದನ್ನೇ ಓದುತ್ತವೆ. ಪರಿಹಾರ ಸಣ್ಣದು. ಲ್ಯಾಂಬ್ಡಾದ ಆರ್ಗ್ಯುಮೆಂಟ್ ಪಟ್ಟಿಯಲ್ಲೇ "ಹೆಸರು=ಹೆಸರು" ಎಂದು ಡೀಫಾಲ್ಟ್ ಬೆಲೆ ಕೊಟ್ಟರೆ ಹುಟ್ಟುವಾಗಲೇ ಬೆಲೆ ಅಂಟುತ್ತದೆ. ಫಂಕ್‌ಟೂಲ್ಸ್‌ನ ಪಾರ್ಶಿಯಲ್ ಬಳಸಿದರೆ ಓದುವವರಿಗೆ ಉದ್ದೇಶ ಇನ್ನೂ ಸ್ಪಷ್ಟ.

ಪೈಥಾನ್‌ನಲ್ಲಿ ಕಾಲ್‌ಬ್ಯಾಕ್ ಕೊಡುವಾಗ ಆಗುವ ಇನ್ನೊಂದು ಎಡವಟ್ಟು ಇಲ್ಲಿ ಆಗಿರಲಿಲ್ಲ, ಆದರೂ ಹೇಳಬೇಕು.

ನೋಂದಾಯಿಸು(ಸಂದೇಶ_ಬಂತು)
ನೋಂದಾಯಿಸು(ಸಂದೇಶ_ಬಂತು())

ಮೊದಲ ಸಾಲು ಫಂಕ್ಷನ್ನನ್ನೇ ಕೊಡುತ್ತದೆ. ಎರಡನೆಯದು ಅದನ್ನು ಆಗಲೇ ಓಡಿಸಿ, ಅದು ಹಿಂತಿರುಗಿಸಿದ್ದನ್ನು ಕೊಡುತ್ತದೆ. ಸಿ++ನಲ್ಲಿ ಏನೂ ಹಿಂತಿರುಗಿಸದ ಫಂಕ್ಷನ್‌ಗೆ ಹೀಗೆ ಮಾಡಿದರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ಪೈಥಾನ್‌ನಲ್ಲಿ "ನನ್" ಎಂಬ ಖಾಲಿ ಬೆಲೆ ಸದ್ದಿಲ್ಲದೆ ಪಟ್ಟಿ ಸೇರುತ್ತದೆ (ಆರ್ಗ್ಯುಮೆಂಟ್ ಇಲ್ಲದೆಯೂ ಓಡುವ ಫಂಕ್ಷನ್ ಆದರೆ). ಮೊದಲ ಸಂದೇಶ ಬಂದಾಗ, ಅದೂ ಹಿನ್ನೆಲೆಯ ಥ್ರೆಡ್ ಒಂದರಲ್ಲಿ, ತಪ್ಪು ಸಿಡಿಯುತ್ತದೆ. ಮುಖ್ಯ ಪ್ರೋಗ್ರಾಂ ಓಡುತ್ತಲೇ ಇರುವುದರಿಂದ ಬಸ್ಸೇ ಸುಮ್ಮನಿದೆ ಎಂದು ಮೋಸಹೋಗುವುದು ಸುಲಭ.

0 ವೋಲ್ಟ್ ಹೇಳಿದ್ದು

ಸ್ಕ್ರಿಪ್ಟ್ ಸರಿಯಾದ ಮೇಲೆ ಎರಡೂ ಬಸ್ ಮಾತಾಡುತ್ತಿವೆ ಎಂಬುದು ಖಾತ್ರಿಯಾಯಿತು. ಇನ್ನು ಪೆಟ್ಟಿಗೆ. ಮಾಡ್ಯೂಲ್ ಎರಡರ ಇಂಟರಪ್ಟ್ ತಂತಿಯಲ್ಲಿ, ಲೆವೆಲ್ ಶಿಫ್ಟರ್‌ನ ಇಎಸ್‌ಪಿ32 ಕಡೆ, ಸುಮಾರು 3.3 ವೋಲ್ಟ್, ಸೆಕೆಂಡಿಗೊಮ್ಮೆ ಕಣ್ಣಿಗೆ ಬೀಳದಷ್ಟು ಚಿಕ್ಕ ಕುಸಿತ. ಮಾಡ್ಯೂಲ್ ಒಂದರದು ಸದಾ 0 ವೋಲ್ಟ್.

ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಬೆಲೆಯ ಅಳತೆ ಇದು. ಪಿನ್ ಮೇಲೇ ಇದ್ದಿದ್ದರೆ ಚಿಪ್‌ಗೆ ಸಂದೇಶ ಬರುತ್ತಿಲ್ಲ ಎಂದರ್ಥ. ವೇಗ, ಫಿಲ್ಟರ್, ತಂತಿ ನೋಡಬೇಕು. ಕೆಳಗೆ ಅಂಟಿಕೊಂಡಿದೆ ಎಂದರೆ ಚಿಪ್‌ಗೆ ಸಂದೇಶ ಬಂದಿದೆ, ಅದು ಕರೆದಿದೆ, ಯಾರೂ ಬಂದು ಓದಿಲ್ಲ. ತಪ್ಪು ಚಿಪ್‌ನಿಂದ ಈಚೆಗಿದೆ. ಎರಡನೇ ಪರೀಕ್ಷೆ ಇನ್ನೂ ಸರಳ: ಕೋಡಿನಲ್ಲಿ ಎರಡು ಬಸ್‌ಗಳನ್ನು ಶುರು ಮಾಡುವ ಸಾಲುಗಳ ಕ್ರಮ ತಿರುಗಿಸಿದರು. ಈಗ ರ‍್ಯಾಕ್ 1 ಸರಾಗ, ರ‍್ಯಾಕ್ 2 ಗೆರೆ. ತಪ್ಪು ಪೋರ್ಟನ್ನು ಹಿಂಬಾಲಿಸದೆ ನೋಂದಣಿಯ ಕ್ರಮವನ್ನು ಹಿಂಬಾಲಿಸಿದರೆ, ಎಲ್ಲೋ ಒಂದೇ ಜಾಗದಲ್ಲಿ ಎರಡನ್ನು ಬರೆಯಲಾಗುತ್ತಿದೆ.

ಪೆಟ್ಟಿಗೆಯ ಸಿ++ ಕೋಡ್ ಹೀಗಿತ್ತು. ಬಸ್ ಓದುವುದಕ್ಕೆ ಒಂದು ಕ್ಲಾಸ್, ಅದರೊಳಗೆ ಇಂಟರಪ್ಟ್ ಬಂದಾಗ ಕರೆಯಬೇಕಾದ ಸದಸ್ಯ ಫಂಕ್ಷನ್. ಆರ್ಡುಯಿನೋ ಶೈಲಿಯ ಅಟ್ಯಾಚ್‌ಇಂಟರಪ್ಟ್ ಕೇಳುವುದು ಆರ್ಗ್ಯುಮೆಂಟ್ ಇಲ್ಲದ ಮಾಮೂಲು ಫಂಕ್ಷನ್ನಿನ ವಿಳಾಸವನ್ನು. ಸದಸ್ಯ ಫಂಕ್ಷನ್ ಅಂಥದ್ದಲ್ಲ. ಅದಕ್ಕೆ ಯಾವ ಆಬ್ಜೆಕ್ಟ್ ಮೇಲೆ ಓಡಬೇಕೆಂಬ "ದಿಸ್" ಪಾಯಿಂಟರ್ ಒಳಗೊಳಗೇ ಬೇಕು. ಹಾಗಾಗಿ ಕಂಪೈಲರ್ ತಡೆಯುತ್ತದೆ. ಲ್ಯಾಂಬ್ಡಾದಲ್ಲಿ "ದಿಸ್" ಅನ್ನು ಹಿಡಿದು ಕೊಟ್ಟರೂ ಅದೇ ಗತಿ, ಏನನ್ನೂ ಹಿಡಿಯದ ಲ್ಯಾಂಬ್ಡಾ ಮಾತ್ರ ಬರೀ ಫಂಕ್ಷನ್ ಪಾಯಿಂಟರ್ ಆಗಬಲ್ಲದು. ಈ ಗೋಡೆಗೆ ಡಿಕ್ಕಿ ಹೊಡೆದವರು ಮಾಡುವುದನ್ನೇ ಇಲ್ಲೂ ಮಾಡಿದ್ದರು. ಫಂಕ್ಷನ್ನಿಗೆ "ಸ್ಟ್ಯಾಟಿಕ್" (ಒಂದೊಂದು ಆಬ್ಜೆಕ್ಟ್‌ಗಲ್ಲ, ಇಡೀ ಕ್ಲಾಸ್‌ಗೆ ಒಂದೇ) ಹಚ್ಚಿ, ಕ್ಲಾಸ್‌ಗೆ ಒಂದು ಸ್ಟ್ಯಾಟಿಕ್ ಪಾಯಿಂಟರ್ ಇಟ್ಟು, ಬಸ್ ಶುರು ಮಾಡುವಾಗ ಆ ಪಾಯಿಂಟರ್‌ಗೆ "ದಿಸ್" ತುಂಬಿದ್ದರು. ಕಂಪೈಲರ್ ಸುಮ್ಮನಾಯಿತು.

ಒಂದೇ ಬಸ್ ಇರುವಾಗ ಇದರಲ್ಲಿ ದೋಷವೇ ಕಾಣುವುದಿಲ್ಲ. ಎರಡು ಬಂದಾಗ ಸ್ಟ್ಯಾಟಿಕ್ ಪಾಯಿಂಟರ್ ಇರುವುದು ಒಂದೇ, ಕೊನೆಗೆ ಶುರುವಾದವನು ಅದನ್ನು ಕಬಳಿಸುತ್ತಾನೆ. ಚಿಪ್ ಒಂದು ಕರೆದಾಗ ಫಂಕ್ಷನ್ ಓಡುತ್ತದೆ, ಆದರೆ ಅದು ಓದಿಸುವುದು ಚಿಪ್ ಎರಡನ್ನು. ಅಲ್ಲಿ ಏನೂ ಇಲ್ಲ, ವಾಪಸ್. ಚಿಪ್ ಒಂದರ ಪಿನ್ ಕೆಳಗೇ ಉಳಿಯಿತು. ಇಂಟರಪ್ಟ್ ನೋಂದಾಯಿಸಿದ್ದು ಮೇಲಿಂದ ಕೆಳಗೆ ಬೀಳುವ ಅಂಚಿಗೆ. ಈಗಾಗಲೇ ಬಿದ್ದಿರುವುದು ಮತ್ತೆ ಬೀಳುವುದಾದರೂ ಹೇಗೆ? ಶುರುವಾದ ಮೊದಲ ಸೆಕೆಂಡಿನಲ್ಲೇ ರ‍್ಯಾಕ್ 1ರ ಕಥೆ ಮುಗಿದಿರುತ್ತಿತ್ತು.

ಏನು ಮಾಡಬೇಕೋ ಅದನ್ನು ಫಂಕ್ಷನ್ ಹೇಳುತ್ತದೆ, ಯಾರಿಗಾಗಿ ಎಂಬುದನ್ನು ಸಂದರ್ಭ, ಅಂದರೆ ಜತೆಗೆ ಕೊಡುವ ಪಾಯಿಂಟರ್, ಹೇಳುತ್ತದೆ. ನೋಂದಣಿಯಲ್ಲಿ ಇವೆರಡೂ ಜೋಡಿಯಾಗೇ ಹೋಗಬೇಕು. ಇಎಸ್‌ಪಿ32ರ ಆರ್ಡುಯಿನೋ ಕೋರ್‌ನಲ್ಲಿ ಅದಕ್ಕೆಂದೇ ಅಟ್ಯಾಚ್‌ಇಂಟರಪ್ಟ್‌ಆರ್ಗ್ ಇದೆ. ಪಿನ್, ಫಂಕ್ಷನ್, ಒಂದು ವಾಯ್ಡ್ ಪಾಯಿಂಟರ್, ಅಂಚು, ಇಷ್ಟು ತೆಗೆದುಕೊಂಡು, ಇಂಟರಪ್ಟ್ ಬಂದಾಗ ಆ ಪಾಯಿಂಟರನ್ನು ಹಾಗೇ ಫಂಕ್ಷನ್ ಕೈಗೆ ಕೊಡುತ್ತದೆ.

ನೋಂದಾಯಿಸು(ಪಿನ್1, ಎಚ್ಚರಿಸು, &ಬಸ್1)
ನೋಂದಾಯಿಸು(ಪಿನ್2, ಎಚ್ಚರಿಸು, &ಬಸ್2)

"ಎಚ್ಚರಿಸು" ಸ್ಟ್ಯಾಟಿಕ್ ಫಂಕ್ಷನ್ನೇ. ಬಂದ ಪಾಯಿಂಟರನ್ನು ಬಸ್ ಆಬ್ಜೆಕ್ಟ್‌ಗೆ ಕಾಸ್ಟ್ ಮಾಡಿ ಮುಂದುವರಿಯುತ್ತದೆ, ಅದಕ್ಕೆ ಗ್ಲೋಬಲ್ ಎಂಬುದೇ ಬೇಡ. ಎಲ್ಲ ಬೋರ್ಡ್‌ಗಳಲ್ಲೂ ಈ ಸೌಲಭ್ಯವಿಲ್ಲ. ಆರ್ಡುಯಿನೋ ಉನೋದಲ್ಲಿ ಹೊರಗಿನ ಇಂಟರಪ್ಟ್‌ಗೆ ಮೀಸಲಾದ ಪಿನ್ನುಗಳು 2 ಮತ್ತು 3 ಮಾತ್ರ, ಆರ್ಗ್ಯುಮೆಂಟ್ ಕೊಡುವ ದಾರಿ ಇಲ್ಲ. ಅಲ್ಲಿ ಒಂದೊಂದು ಬಸ್‌ಗೂ ಎರಡು ಸಾಲಿನ ಒಂದೊಂದು ಫಂಕ್ಷನ್ ಬರೆದುಬಿಡುವುದೇ ಸರಿ. ಅದನ್ನು ನಾಚಿಕೆಯ ಕೆಲಸವೆಂದು ತಿಳಿದು ಟೆಂಪ್ಲೇಟ್ ಕಸರತ್ತು ಮಾಡುವವರಿದ್ದಾರೆ, ಎರಡು ಬಸ್‌ಗೆ ಅದರ ಅಗತ್ಯವಿಲ್ಲ.

ಸರಿಯಾದ ಪಾಯಿಂಟರ್, ಖಾಲಿಯಾದ ಮನೆ

ಹೊಸ ಕೋಡ್ ಹಾಕಿದ ಮೇಲೆ ಎರಡೂ ರ‍್ಯಾಕ್ ಬಂದವು. ಆದರೆ ವೈಫೈ ಕೂಡಿ ಸರ್ವರ್‌ಗೆ ದತ್ತಾಂಶ ಹೋಗಲು ಶುರುವಾದ ಸ್ವಲ್ಪ ಹೊತ್ತಿಗೆ ಪೆಟ್ಟಿಗೆ "ಲೋಡ್‌ಪ್ರೊಹಿಬಿಟೆಡ್" ಎಂದು ಕಿರುಚಿ ರೀಸ್ಟಾರ್ಟ್ ಆಗತೊಡಗಿತು. ಇಲ್ಲದ ವಿಳಾಸದಿಂದ ಓದಲು ಹೊರಟಾಗ ಇಎಸ್‌ಪಿ32 ಹೇಳುವ ಮಾತು ಅದು.

ಬಸ್ ಆಬ್ಜೆಕ್ಟ್‌ಗಳನ್ನು ಒಂದು ವೆಕ್ಟರ್‌ನಲ್ಲಿ ಇಟ್ಟಿದ್ದರು. ಮೊದಲನೆಯದನ್ನು ಸೇರಿಸಿ, ಕೂಡಲೇ ಶುರು ಮಾಡಿ, ಅದರ ವಿಳಾಸ ನೋಂದಾಯಿಸಿ, ನಂತರ ಎರಡನೆಯದನ್ನು ಸೇರಿಸುವುದು. ವೆಕ್ಟರ್‌ನಲ್ಲಿ ಜಾಗ ಸಾಲದಾದಾಗ ಅದು ದೊಡ್ಡ ಜಾಗ ಹುಡುಕಿ, ಒಳಗಿದ್ದವನ್ನೆಲ್ಲ ಅಲ್ಲಿಗೆ ಸಾಗಿಸಿ, ಹಳೆಯದನ್ನು ಬಿಟ್ಟುಕೊಡುತ್ತದೆ. ಇಂಟರಪ್ಟ್ ಮಾತ್ರ ಹಳೇ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ಬಿಟ್ಟುಕೊಟ್ಟ ಮೆಮೊರಿಯ ಮೇಲೆ ಯಾರೂ ಬರೆಯುವವರೆಗೆ ಹಳೆಯ ಬೈಟ್‌ಗಳು ಹಾಗೇ ಇರುವುದರಿಂದ ಎಲ್ಲ ಸರಿಯಿರುವಂತೆ ಕಾಣುತ್ತದೆ. ನೆಟ್‌ವರ್ಕ್ ಕೋಡ್ ಬಂದು ಆ ಜಾಗ ಕೇಳಿ ಪಡೆದ ಕ್ಷಣ ಕುಸಿತ. ಬೆಂಚಿನ ಮೇಲೆ ವೈಫೈ ಇಲ್ಲದೆ ಪರೀಕ್ಷಿಸಿದಾಗ ಇದು ಸಿಗದಿದ್ದುದಕ್ಕೆ ಕಾರಣವೂ ಅದೇ.

ಸೆಟಪ್ ಫಂಕ್ಷನ್ನಿನೊಳಗೆ ಲೋಕಲ್ ಆಗಿ ಆಬ್ಜೆಕ್ಟ್ ಮಾಡಿ ಅದರ ವಿಳಾಸ ಕೊಡುವುದು ಇದರ ಅಣ್ಣ. ಸೆಟಪ್ ಮುಗಿದೊಡನೆ ಆ ಸ್ಟ್ಯಾಕ್ ಜಾಗ ಬೇರೆಯವರ ಪಾಲು.

ಇಲ್ಲಿ ಮಾಡಿದ ಬದಲಾವಣೆ ಎರಡು. ಆಬ್ಜೆಕ್ಟ್‌ಗಳನ್ನು ವೆಕ್ಟರ್‌ನಿಂದ ತೆಗೆದು ಎರಡು ಸ್ಥಾನದ ಸ್ಟ್ಯಾಟಿಕ್ ಅರೇಯಲ್ಲಿ ಇಟ್ಟರು. ಪೆಟ್ಟಿಗೆಗೆ ಪವರ್ ಇರುವವರೆಗೂ ವಿಳಾಸ ಕದಲುವುದಿಲ್ಲ. ಕ್ಲಾಸ್‌ನ ಕಾಪಿ ಮತ್ತು ಮೂವ್ ಕನ್‌ಸ್ಟ್ರಕ್ಟರ್‌ಗಳನ್ನು "ಡಿಲೀಟ್" ಎಂದು ಗುರುತಿಸಿದರು. ನಾಳೆ ಯಾರಾದರೂ ಮತ್ತೆ ವೆಕ್ಟರ್‌ಗೆ ಸೇರಿಸಲು ಹೋದರೆ ಕಂಪೈಲರ್ ಬಾಗಿಲಲ್ಲೇ ನಿಲ್ಲಿಸುತ್ತದೆ. ಎರಡನೆಯದೇ ಹೆಚ್ಚು ಮುಖ್ಯ. "ಕಾಪಿ ಮಾಡಬೇಡಿ" ಎಂಬ ಕಾಮೆಂಟ್ ಬರೆದಿಟ್ಟರೆ ಓದುವವರು ಕಡಿಮೆ.

ಇಂಟರಪ್ಟ್‌ನೊಳಗೆ ಎಷ್ಟು ಕೆಲಸ

ಹಳೆಯ ಕೋಡ್ ಇಂಟರಪ್ಟ್‌ನಲ್ಲಿ ಒಂದು ಫ್ಲ್ಯಾಗ್ ಎತ್ತಿ, ಮುಖ್ಯ ಲೂಪ್‌ನಲ್ಲಿ 1 ಮಿಲಿಸೆಕೆಂಡ್ ಡಿಲೇ ಜತೆ ಅದನ್ನು ನೋಡುತ್ತಿತ್ತು. ಇಂಟರಪ್ಟ್‌ನೊಳಗೇ ಎಸ್‌ಪಿಐ ಓದಿಬಿಡೋಣ ಎಂಬ ಸಲಹೆ ಬಂದೇ ಬರುತ್ತದೆ. ಇಎಸ್‌ಪಿ32ರಲ್ಲಿ ಎಸ್‌ಪಿಐ ಲೈಬ್ರರಿ ಒಳಗೆ ಲಾಕ್ ಹಿಡಿಯುತ್ತದೆ. ಇಂಟರಪ್ಟ್‌ನಲ್ಲಿ ನಿಂತು ಲಾಕ್‌ಗೆ ಕಾಯುವಂತಿಲ್ಲ, ಕಾದರೆ ಇಂಟರಪ್ಟ್ ವಾಚ್‌ಡಾಗ್ ಪೆಟ್ಟಿಗೆಯನ್ನು ರೀಸ್ಟಾರ್ಟ್ ಮಾಡುತ್ತದೆ.

ಹಾಗೆಂದು 1 ಮಿಲಿಸೆಕೆಂಡ್ ಕಾಯುವುದೂ ಆಗದು. ಲೆಕ್ಕ ನೋಡಿ. 8 ಬೈಟ್‌ನ ಸ್ಟ್ಯಾಂಡರ್ಡ್ ಫ್ರೇಮ್, ಎರಡು ಫ್ರೇಮ್ ನಡುವಿನ ಬಿಡುವು ಸೇರಿ, ಸ್ಟಫಿಂಗ್ ಬಿಟ್‌ಗಳಿಲ್ಲದೆ 111 ಬಿಟ್. 500 ಕಿಲೋಬಿಟ್ ವೇಗದಲ್ಲಿ 222 ಮೈಕ್ರೋಸೆಕೆಂಡ್. ಮೊದಲ ಸಂದೇಶ ಬಿದ್ದ 444 ಮೈಕ್ರೋಸೆಕೆಂಡಿಗೆ ಮೂರನೆಯದು ಬಂದು ನಿಂತಿರುತ್ತದೆ, ಬಫರ್ ಇರುವುದು ಎರಡೇ. ಬೈಟ್ ಕಡಿಮೆಯಿದ್ದರೆ ಗಡುವು ಇನ್ನೂ ಹತ್ತಿರ. ಅಂದರೆ ಆರು ಸಂದೇಶಗಳ ಸಾಲು ಬಂದಾಗ ಹಳೆಯ ಪೆಟ್ಟಿಗೆ ನಡುವಿನ ಕೆಲವನ್ನು ನುಂಗುತ್ತಲೇ ಇತ್ತು. ಚಿಪ್‌ನ ಎರರ್ ರಿಜಿಸ್ಟರ್‌ನಲ್ಲಿ ಓವರ್‌ಫ್ಲೋ ಬಿಟ್ ಎದ್ದು ನಿಂತಿದ್ದರೂ ಅದನ್ನು ಓದಿದವರಿರಲಿಲ್ಲ. ಒಂದು ಸೆಕೆಂಡ್ ತಪ್ಪಿದರೆ ಮುಂದಿನ ಸೆಕೆಂಡಿಗೆ ಸಿಗುತ್ತಿತ್ತಾದ್ದರಿಂದ ಪರದೆ ನೋಡುವವರಿಗೆ ಗೊತ್ತಾಗಲಿಲ್ಲ.

ಈಗಿನ ಏರ್ಪಾಡಿನಲ್ಲಿ "ಎಚ್ಚರಿಸು" ಮಾಡುವುದು ಇಷ್ಟೇ: ಸಂದರ್ಭದಲ್ಲಿರುವ ಟಾಸ್ಕ್‌ಗೆ, ಸಂದರ್ಭದಲ್ಲಿರುವ ಬಿಟ್‌ನೊಂದಿಗೆ ಫ್ರೀಆರ್‌ಟಿಓಎಸ್ (ಇಎಸ್‌ಪಿ32ರಲ್ಲಿ ಟಾಸ್ಕ್‌ಗಳನ್ನು ನಡೆಸುವ ಪುಟ್ಟ ಆಪರೇಟಿಂಗ್ ಸಿಸ್ಟಂ) ನೋಟಿಫಿಕೇಷನ್ ಕಳಿಸಿ ಹೊರಬರುವುದು. ಬಸ್ 1ಕ್ಕೆ ಬಿಟ್ 0, ಬಸ್ 2ಕ್ಕೆ ಬಿಟ್ 1. ಓದುವ ಟಾಸ್ಕ್ ಒಂದೇ, ಅದರ ಆದ್ಯತೆ ಮುಖ್ಯ ಲೂಪ್‌ಗಿಂತ ಮೇಲೆ. ಎರಡು ಟಾಸ್ಕ್ ಮಾಡಿದ್ದರೆ ಒಂದೇ ಎಸ್‌ಪಿಐ ಮೇಲೆ ಜಗಳ ಬಿಡಿಸಲು ಮ್ಯೂಟೆಕ್ಸ್ ಬೇಕಾಗುತ್ತಿತ್ತು. ಇಂಟರಪ್ಟ್‌ನಿಂದ ಹೊರಬರುವಾಗ ಯೀಲ್ಡ್ ಮಾಡುವುದನ್ನು, ಅಂದರೆ ಎದ್ದ ಟಾಸ್ಕ್‌ಗೆ ಕೂಡಲೇ ದಾರಿ ಬಿಡುವುದನ್ನು, ಮರೆತರೆ ಟಾಸ್ಕ್ ಮುಂದಿನ ಟಿಕ್‌ವರೆಗೆ ಏಳದೆ ಹೋಗಬಹುದು. ಮತ್ತೆ ಅದೇ 1 ಮಿಲಿಸೆಕೆಂಡ್. ಎಸ್‌ಪಿಐ 8 ಮೆಗಾಹರ್ಟ್ಸ್‌ನಲ್ಲಿದ್ದರೆ ಒಂದು ಬಫರ್ ಪೂರ್ತಿ ಓದಲು ಆಜ್ಞೆಯೂ ಸೇರಿ 14 ಬೈಟ್, ತಂತಿಯ ಮೇಲೆ 14 ಮೈಕ್ರೋಸೆಕೆಂಡ್. ಲೈಬ್ರರಿಯ ಹೆಚ್ಚುವರಿ ಖರ್ಚು ಸೇರಿಸಿದರೂ ಗಡುವಿನೊಳಗೆ ಧಾರಾಳ ಜಾಗವಿದೆ.

ಎದ್ದ ಟಾಸ್ಕ್ ಒಂದು ಸಂದೇಶ ಓದಿ ಮಲಗಬಾರದು. ಪಿನ್ ಮೇಲೇಳುವವರೆಗೂ ಓದಬೇಕು. ಇಲ್ಲದಿದ್ದರೆ, ಒಂದನ್ನು ಓದುವಷ್ಟರಲ್ಲಿ ಇನ್ನೊಂದು ಬಿದ್ದು ಪಿನ್ ಮೇಲೇಳುವುದೇ ಇಲ್ಲ, ಅಂಚು ಮತ್ತೆ ಬರುವುದಿಲ್ಲ. ಇಲ್ಲೊಂದು ಗುಂಡಿ ಇದೆ. ಕೆಲವು ಲೈಬ್ರರಿಗಳು ಸಂದೇಶದ ಇಂಟರಪ್ಟ್ ಜತೆಗೆ ಎರರ್ ಇಂಟರಪ್ಟ್‌ಗಳನ್ನೂ ಚಾಲೂ ಮಾಡಿರುತ್ತವೆ. ಸಂದೇಶ ಓದುವ ಆಜ್ಞೆ ಸಂದೇಶದ ಫ್ಲ್ಯಾಗನ್ನು ತಾನೇ ಅಳಿಸುತ್ತದೆ, ಎರರ್ ಫ್ಲ್ಯಾಗನ್ನು ಅಲ್ಲ. "ಪಿನ್ ಕೆಳಗಿರುವವರೆಗೆ ಓದು" ಎಂಬ ಲೂಪ್ ಆಗ ಕೊನೆಯೇ ಇಲ್ಲದೆ ಸುತ್ತುತ್ತದೆ. ಪ್ರತಿ ಸುತ್ತಿನಲ್ಲೂ ಎರರ್ ಫ್ಲ್ಯಾಗ್‌ಗಳನ್ನು ನೋಡಿ, ಎಣಿಸಿ, ಅಳಿಸಬೇಕು. ಜತೆಗೆ ನೋಟಿಫಿಕೇಷನ್‌ಗೆ 100 ಮಿಲಿಸೆಕೆಂಡ್ ಟೈಮ್‌ಔಟ್ ಇಟ್ಟು, ಯಾರೂ ಕರೆಯದಿದ್ದರೂ ಎದ್ದು ಪಿನ್ ನೋಡುವಂತೆ ಮಾಡಿದರು. ನೋಂದಣಿಗೆ ಮುಂಚೆಯೇ ಪಿನ್ ಬಿದ್ದಿದ್ದರೆ ಅದೂ ಹೀಗೆ ಸಿಗುತ್ತದೆ.

ಶೇಕಡಾ 5207

ಮುಂದಿನ ದೂರು ತಮಾಷೆಯದು: ರ‍್ಯಾಕ್ 1ರ ಚಾರ್ಜ್ ಆಗೊಮ್ಮೆ ಈಗೊಮ್ಮೆ ಶೇಕಡಾ 5207 ಎಂದು ಮಿಂಚಿ ಹೋಗುತ್ತದೆ. ಮೌಲ್ಯ 100 ಮೀರಿದರೆ ಕಡೆಗಣಿಸಿ ಎಂದು ಒಂದು ಸಾಲು ಸೇರಿಸಿ ಮುಚ್ಚಿಹಾಕಬಹುದಿತ್ತು. ಆದರೆ ಆ ಅಂಕಿಯೇ ತನ್ನ ಊರು ಹೇಳುತ್ತಿದೆ. 5207 ಎಂದರೆ ಹೆಕ್ಸ್ 1457, ಬಸ್ ಮೇಲೆ 57, 14 ಎಂಬ ಎರಡು ಬೈಟ್. ಅದನ್ನೇ 0.01 ವೋಲ್ಟ್ ಅಳತೆಯಲ್ಲಿ ಓದಿದರೆ 52.07 ವೋಲ್ಟ್, ಈ ಬ್ಯಾಟರಿಯ ಸಾಮಾನ್ಯ ವೋಲ್ಟೇಜ್. 355ರ ಐಡಿಗೆ 356ರ ಬೈಟ್‌ಗಳು ಅಂಟಿಕೊಂಡಿವೆ.

ಓದುವ ಟಾಸ್ಕ್ ಪ್ರತಿ ಸಂದೇಶಕ್ಕೂ ಅಪ್ಲಿಕೇಷನ್‌ನ ಕಾಲ್‌ಬ್ಯಾಕ್ ಕರೆದು, ಐಡಿಯನ್ನು ಬೆಲೆಯಾಗಿ, ಬೈಟ್‌ಗಳನ್ನು ತನ್ನ ಬಫರ್‌ನ ಪಾಯಿಂಟರ್ ಆಗಿ ಕೊಡುತ್ತಿತ್ತು. ಕಾಲ್‌ಬ್ಯಾಕ್ ಆ ಐಡಿ ಮತ್ತು ಪಾಯಿಂಟರನ್ನು ಹಾಗೇ ಕ್ಯೂಗೆ ಹಾಕಿ ಹೊರಟುಬಿಡುತ್ತಿತ್ತು. ಫ್ರೀಆರ್‌ಟಿಓಎಸ್ ಕ್ಯೂ ಕೊಟ್ಟದ್ದನ್ನು ಕಾಪಿ ಮಾಡಿಕೊಳ್ಳುತ್ತದೆ ನಿಜ, ಆದರೆ ಇಲ್ಲಿ ಕಾಪಿ ಆದದ್ದು ವಿಳಾಸ. ಪರದೆಗೆ ಕಳಿಸುವ ಟಾಸ್ಕ್ ಅದನ್ನು ತೆರೆಯುವ ಹೊತ್ತಿಗೆ ಅದೇ ಬಫರ್‌ನಲ್ಲಿ ಮುಂದಿನ ಸಂದೇಶ ಕೂತಿರುತ್ತದೆ. ಓದುವ ವೇಗ ಹೆಚ್ಚಿದ ಮೇಲೆ ಈ ದೋಷ ಹೊರಬಿದ್ದದ್ದೂ ಸಹಜವೇ. ಮೊದಲು ಸಂದೇಶಗಳೇ ಕಳೆದುಹೋಗುತ್ತಿದ್ದುದರಿಂದ ಒಂದರ ಮೇಲೊಂದು ಬೀಳುವ ಸಂದರ್ಭ ಕಡಿಮೆಯಿತ್ತು.

ಕಾಲ್‌ಬ್ಯಾಕ್‌ಗೆ ಸಿಕ್ಕ ಪಾಯಿಂಟರ್ ಆ ಕಾಲ್‌ಬ್ಯಾಕ್ ಮುಗಿಯುವವರೆಗೆ ಮಾತ್ರ ಬಾಳುತ್ತದೆ. ಆಮೇಲೂ ಬೇಕಿದ್ದರೆ ಬೈಟ್‌ಗಳನ್ನೇ ನಕಲು ಮಾಡಿಕೊಳ್ಳಬೇಕು. ಈಗ ಕ್ಯೂನಲ್ಲಿ ಹೋಗುವುದು ಬಸ್ ಸಂಖ್ಯೆ, ಐಡಿ, ಉದ್ದ, 8 ಬೈಟ್, ಎಲ್ಲವೂ ಇರುವ ಒಂದು ಸ್ಟ್ರಕ್ಟ್, ಬೆಲೆಯಾಗಿ. ಕ್ಯೂ ಉದ್ದ 32. ಕ್ಯೂ ತುಂಬಿದರೆ ಓದುವ ಟಾಸ್ಕ್ ಕಾಯುವುದಿಲ್ಲ, ಸಂದೇಶ ಬಿಟ್ಟು ಒಂದು ಲೆಕ್ಕ ಏರಿಸಿ ಮುಂದೆ ಹೋಗುತ್ತದೆ. ಕಾದರೆ ಚಿಪ್‌ನ ಎರಡು ಬಫರ್ ತುಂಬಿ, ಲೆಕ್ಕಕ್ಕೂ ಸಿಗದೆ ಸಂದೇಶ ಹೋಗುತ್ತದೆ. ಈ ಮೇಲಿನ ಹಂತದ ಕಾಲ್‌ಬ್ಯಾಕ್‌ಗೂ ಸಂದರ್ಭದ ಪಾಯಿಂಟರ್ ಸೇರಿಸಿದರು. ಇಂಟರಪ್ಟ್‌ಗೆ ಮಾತ್ರ ಸಂದರ್ಭ ಕೊಟ್ಟು ಇಲ್ಲಿ ಬಿಟ್ಟಿದ್ದರೆ, "ಇದು ಯಾವ ರ‍್ಯಾಕ್" ಎಂಬ ಪ್ರಶ್ನೆಗೆ ಮತ್ತೆ ಯಾರಾದರೂ ಗ್ಲೋಬಲ್ ಒಂದನ್ನು ಹುಟ್ಟಿಸುತ್ತಿದ್ದರು.

ಒಪ್ಪಿಸುವ ಮುನ್ನ

ಬೆಂಚಿನ ಪರೀಕ್ಷೆಗೆ ಪೆಟ್ಟಿಗೆಯನ್ನು ಲಿಸನ್-ಓನ್ಲಿಯಿಂದ ಸಾಮಾನ್ಯ ಮೋಡ್‌ಗೆ ತಂದರು. ಬಸ್ ಮೇಲೆ ಕಳಿಸುವ ಅಡಾಪ್ಟರ್ ಮತ್ತು ಪೆಟ್ಟಿಗೆ ಇಬ್ಬರೇ ಇದ್ದಾಗ, ಪೆಟ್ಟಿಗೆ ಆಕ್ (ಸಂದೇಶ ಸಿಕ್ಕಿತು ಎಂಬ ಸೂಚನೆ) ಕೊಡದಿದ್ದರೆ ಅಡಾಪ್ಟರ್ ಮೊದಲ ಸಂದೇಶವನ್ನೇ ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ. ಟರ್ಮಿನೇಷನ್ ಜಂಪರನ್ನೂ ಹಾಕಬೇಕಾಯಿತು, ಇಲ್ಲಿ ಪೆಟ್ಟಿಗೆಯೇ ಒಂದು ತುದಿ. ಎರಡೂ ಬಸ್‌ಗೆ ಬೇರೆ ಬೇರೆ ಮೌಲ್ಯ ಕಳಿಸಿದರು, ಒಂದಕ್ಕೆ ಚಾರ್ಜ್ 40, ಇನ್ನೊಂದಕ್ಕೆ 80. ಒಂದೇ ಮೌಲ್ಯ ಕಳಿಸಿದರೆ ಅದಲು ಬದಲು ಗೊತ್ತೇ ಆಗುವುದಿಲ್ಲ. ಪ್ರತಿ ಸಂದೇಶದಲ್ಲೂ ಏರುತ್ತಾ ಹೋಗುವ ಒಂದು ಎಣಿಕೆಯ ಬೈಟ್ ಇಟ್ಟು, ಬಿಡುವಿಲ್ಲದೆ ಕಳಿಸಿ, ಆಚೆ ಕಡೆ ಎಣಿಕೆ ತಪ್ಪಿದೆಯೇ ನೋಡಿದರು. ವೈಫೈ ಆನ್ ಇಟ್ಟು, ನಡುನಡುವೆ ರೌಟರ್ ಆಫ್ ಮಾಡಿ ಆನ್ ಮಾಡಿ, ಅದೇ ಪರೀಕ್ಷೆ. ಶುರು ಮಾಡುವ ಕ್ರಮ ತಿರುಗಿಸಿ ಮತ್ತೊಮ್ಮೆ.

ಉಳಿದದ್ದು ನೋಂದಣಿ ರದ್ದು. ರಿಮೋಟ್ ಅಪ್‌ಡೇಟ್‌ಗೆ ಮೊದಲು ಪೆಟ್ಟಿಗೆ ಬಸ್‌ಗಳನ್ನು ನಿಲ್ಲಿಸುತ್ತದೆ, ಅಲ್ಲೂ ಕ್ರಮ ಮುಖ್ಯ. ಮೊದಲು ಇಂಟರಪ್ಟ್ ಬಿಡಿಸಬೇಕು. ಆಮೇಲೆ ಓದುವ ಟಾಸ್ಕ್‌ಗೆ ನಿಲ್ಲು ಎಂಬ ಬಿಟ್ ಕಳಿಸಿ, ಅದು ಕೈಯಲ್ಲಿದ್ದ ಸಂದೇಶ ಮುಗಿಸಿ ಹೌದೆಂದು ಹೇಳುವವರೆಗೆ ಕಾಯಬೇಕು. ಅದಾದ ಮೇಲೆಯೇ ಕ್ಯೂ ಅಳಿಸುವುದು. ತಿರುಗುಮುರುಗಾದರೆ ಅಳಿಸಿದ ಕ್ಯೂಗೆ ಕೊನೆಯ ಸಂದೇಶವೊಂದು ಹೋಗಿ ಬೀಳುತ್ತದೆ, ಅಪ್‌ಡೇಟ್ ಅರ್ಧದಲ್ಲಿ ಪೆಟ್ಟಿಗೆ ರೀಸ್ಟಾರ್ಟ್ ಆಗುತ್ತದೆ.